ಆಟಕ್ಕುಂಟು, ಲೆಕ್ಕಕ್ಕಿಲ್ಲ: ನಾನು ಲೈನ್ ಕೋಚ್ ಆದ ಕಥೆ

ಅಮೆರಿಕನ್ ಫುಟ್‌ಬಾಲಲ್ಲಿ ಆಫೆನ್ಸಿವ್ ಲೈನ್ ಅಂದ್ರೆ ಬಾಲ್ ಇರೋ ಟೀಮಿನ ಮುಂದೆ ನಿಂತು ಎದುರಾಳಿಗಳನ್ನ ತಡೆಯೋ (ಬ್ಲಾಕ್ ಮಾಡೋ) ಐದು ಜನ, ಮಧ್ಯೆ ಸೆಂಟರ್, ಅಕ್ಕಪಕ್ಕ ಇಬ್ರು ಗಾರ್ಡು, ಅವರಾಚೆ ಇಬ್ರು ಟ್ಯಾಕಲ್ಲು. ಪಾಸ್ ಹಿಡಿಯೋ ಹಾಗಿಲ್ಲ, ಸ್ಕೋರಲ್ಲಿ ಹೆಸ್ರು ಬರಲ್ಲ, ಹೋಲ್ಡಿಂಗ್, ಅಂದ್ರೆ ಎದುರಾಳಿನ ಹಿಡಿದು ಎಳೆದ್ರು ಅಂತ ರೆಫ್ರಿಯ ಹಳದಿ ಬಟ್ಟೆ ಬಿದ್ದಾಗ ಮಾತ್ರ ಮೈಕಲ್ಲಿ ನಮ್ಮ ನಂಬರ್ ಕೂಗ್ತಾರೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಹಾಸನದ ಅಜ್ಜಿ ಹೇಳ್ತಿದ್ದಿದ್ದು ನಂಗೆ ಸರಿಯಾಗಿ ಅರ್ಥ ಆಗಿದ್ದೇ ಒಹಾಯೋದಲ್ಲಿ ನಾಲ್ಕು ವರ್ಷ ರೈಟ್ ಗಾರ್ಡ್ ಆಡಿದ್ಮೇಲೆ.

ನಮ್ದು ಡಿವಿಷನ್ 3 ಕಾಲೇಜು, ಅಂದ್ರೆ ಅಮೆರಿಕದ ಕಾಲೇಜು ಆಟಗಳಲ್ಲಿ ಮೂರನೇ ಹಂತದ್ದು, ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಪದ್ಧತಿನೇ ಇಲ್ಲ, ಫೀಸೆಲ್ಲಾ ಅಪ್ಪಂದೇ. 120 ಕೆಜಿ ಇಳೀಬಾರ್ದು ಅಂತ ಮಲಗೋಕೆ ಮುಂಚೆ ಅಮ್ಮನ ಬಿಸಿಬೇಳೆಬಾತ್ ಇನ್ನೊಂದು ಡಬ್ಬಿ ಖಾಲಿ ಮಾಡ್ತಿದ್ದೆ.

ಡಿಗ್ರಿ ಆದ್ಮೇಲೆ ಇನ್ನೊಂದು ಕಾಲೇಜಲ್ಲಿ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆದೆ. ಹೆಸ್ರು ದೊಡ್ಡದು, ಕೆಲಸ ಅಂದ್ರೆ ವಿಡಿಯೋ ಕಟ್ ಮಾಡೋದು, ಎದುರು ಟೀಮಿನ ಪ್ಲೇಗಳನ್ನ (ಒಂದೊಂದು ಸಲದ ಆಟದ ನಡೆ) ಕಾರ್ಡಲ್ಲಿ ಬರೆಯೋದು. ಮೊದಲನೇ ವಾರ ಒಬ್ಬ ಹುಡುಗಂಗೆ "ಲೋ ಇರು, ಲೋ ಇರು" (ಇಂಗ್ಲಿಷಿನ ಲೋ, ಬಗ್ಗಿರು ಅಂತ) ಕೂಗ್ತಾನೇ ಇದ್ದೆ, ಅವನು ನಿಂತ್ಕೊಂಡು "ಕೋಚ್, ಎಲ್ಲಿಂದ ಬಗ್ಗಬೇಕು, ಸೊಂಟದಿಂದಾನಾ ಮಂಡಿಯಿಂದಾನಾ?" ಅಂದ. ನನ್ನ ಹತ್ರ ಉತ್ತರ ಇರ್ಲಿಲ್ಲ. ಮೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರ್ಲಿಲ್ಲ.

ಅವತ್ತು ರಾತ್ರಿ ನನ್ನದೇ ಹಳೇ ಮ್ಯಾಚು ಹಾಕ್ಕೊಂಡೆ, ಗೋಲ್‌ಪೋಸ್ಟ್ ಹಿಂದಿಂದ ತೆಗೆದ ಕ್ಯಾಮೆರಾದ್ದು, ಸ್ಕ್ರೀನಿನ ಮೇಲರ್ಧಕ್ಕೆ ಪೇಪರ್ ಅಂಟಿಸಿ ಬರೀ ಕಾಲು ನೋಡ್ತಾ ಕೂತೆ. ಚೆನ್ನಾಗಿ ತಳ್ಳಿದ ಪ್ಲೇಗಳಲ್ಲಿ ಮೊದಲ್ನೇ ಹೆಜ್ಜೆ ಗೇಣುದ್ದಾನೂ ಇಲ್ಲ, ಮೈಗೆ ಮೈ ತಾಗೋಷ್ಟರಲ್ಲಿ ಎರಡನೇ ಕಾಲು ನೆಲದ ಮೇಲೆ ಕೂತಿದೆ. ನಾನು ಬಿದ್ದ ಪ್ಲೇಗಳಲ್ಲೆಲ್ಲಾ ಆ ಕಾಲು ಇನ್ನೂ ಗಾಳಿಯಲ್ಲಿದೆ. ಮಾರನೇ ದಿನದಿಂದ ಲೋ ಅನ್ನೋ ಪದಾನೇ ಬಿಟ್ಟೆ. "ಎರಡನೇ ಕಾಲು ಇಡು, ಆಮೇಲೆ ಗುದ್ದು," ಇಷ್ಟೇ.

ಕೈ ವಿಷ್ಯ ಇನ್ನೂ ಕಷ್ಟ. ಕಬಡ್ಡೀಲಿ ಹಿಡಿದ್ರೆ ಪಾಯಿಂಟು, ಇಲ್ಲಿ ಹಿಡಿದ್ರೆ 10 ಯಾರ್ಡ್ ಹಿಂದಕ್ಕೆ! ಎದುರಾಳಿ ಎದೆ ಮೇಲೆ, ಎರಡು ಭುಜದ ಒಳಗೇ ಕೈ ಇರ್ಬೇಕು, ಆಚೆ ಹೋಗಿ ಜರ್ಸಿ ಎಳೆದ್ರೆ ರೆಫ್ರಿ ಕಣ್ಣಿಗೆ ಬೀಳುತ್ತೆ. ಅದಕ್ಕೆ ಎರಡೂ ಅಂಗೈಗೆ ಟೆನಿಸ್ ಬಾಲ್ ಕೊಟ್ಟು ಬ್ಲಾಕ್ ಮಾಡಿಸ್ತೀವಿ, ಹಿಡಿಯೋಕೆ ಬೆರಳೇ ಇಲ್ದಿದ್ರೆ ಏನ್ ಹಿಡೀತಾರೆ.

ಈ ಲೈನಲ್ಲಿ ನಾನು ನೋಡಿ ಕಲಿತಿದ್ದು ಮಾರಿಯೋ ಕ್ರಿಸ್ಟೋಬಾಲ್‌ನ. ಮಯಾಮಿ ಯೂನಿವರ್ಸಿಟಿ ಟೀಮಲ್ಲಿ ಟ್ಯಾಕಲ್, 1989 ಮತ್ತೆ 1991ರ ನ್ಯಾಷನಲ್ ಚಾಂಪಿಯನ್ ಟೀಮಲ್ಲಿದ್ದೋರು, ಅದೇ ಕಾಲೇಜಲ್ಲಿ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆಗಿ ಕೋಚಿಂಗ್ ಶುರು ಮಾಡಿದ್ರು. 2007ರಲ್ಲಿ ಫ್ಲೋರಿಡಾ ಇಂಟರ್‌ನ್ಯಾಷನಲ್ ಯೂನಿವರ್ಸಿಟಿಗೆ ಹೆಡ್ ಕೋಚ್ ಆದಾಗ ಮೊದಲನೇ ಸೀಸನ್ 1 ಗೆಲುವು 11 ಸೋಲು, 2010ಕ್ಕೆ ಅದೇ ಟೀಮು ಬೌಲ್ ಗೇಮ್ (ಸೀಸನ್ ಮುಗಿದ್ಮೇಲೆ ಆಯ್ದ ಟೀಮುಗಳಿಗೆ ಮಾತ್ರ ಸಿಗೋ ಮ್ಯಾಚು) ಗೆಲ್ತು, 2012 ಆದ್ಮೇಲೆ ಕೆಲಸದಿಂದ ತೆಗೆದ್ರು. ಆಮೇಲೆ ಅಲಬಾಮಾದಲ್ಲಿ ಮತ್ತೆ ಲೈನ್ ಕೋಚ್ ಆಗಿ ನಿಂತ್ರಲ್ಲ, ನಂಗೆ ಅದೇ ದೊಡ್ಡದು ಅನ್ಸುತ್ತೆ. 2022ರಲ್ಲಿ ಮಯಾಮಿಗೇ ಹೆಡ್ ಕೋಚ್ ಆಗಿ ವಾಪಸ್ ಬಂದ್ರು.

ನಾನಿನ್ನೂ ಸಣ್ಣ ಕಾಲೇಜಿನ ಲೈನ್ ಕೋಚೇ. ಭಾನುವಾರ ಕೂತು ಐದು ಜನದ್ದೂ ಒಂದೊಂದು ಪ್ಲೇಗೆ ಪ್ಲಸ್ಸೋ ಮೈನಸ್ಸೋ ಹಾಕ್ತೀನಿ, ಸೋಮವಾರ ಶೀಟ್ ಗೋಡೆಗೆ ಅಂಟಿಸೋದೇ ತಡ, ಲೆಫ್ಟ್ ಟ್ಯಾಕಲ್ ಬಾಗಿಲಲ್ಲಿ ನಿಂತಿರ್ತಾನೆ, "ಕೋಚ್, 41ನೇ ಪ್ಲೇಗೆ ಮೈನಸ್ ಯಾಕೆ? ಕಾಲು ಇಟ್ಟಿದ್ನಲ್ಲ!"