ಕೆರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಕ್ರಮ

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಎರಡನೇ ಹಂತದವರೆಗೆ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿದು ಬರುತ್ತಿದೆ. ಬತ್ತಿದ್ದ ಕೆರೆಯಂಗಳಗಳು ತುಂಬಿದವು. ಅದರ ಜೊತೆಗೇ ನೀರಿನ ಗುಣಮಟ್ಟದ ಬಗ್ಗೆ ವಾದವೂ ಎದ್ದು ನ್ಯಾಯಾಲಯದ ಮೆಟ್ಟಿಲೇರಿತು. ಇಂತಹ ವಾದದಲ್ಲಿ ಊರಿನವರ ಕೈಯಲ್ಲಿ ತಮ್ಮದೇ ಅಳತೆಗಳಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಲಪರಿಸರ ವಿಜ್ಞಾನಿಗಳು ಮೊದಲಿಗೇ ನೋಡುವ ಕರಗಿದ ಆಮ್ಲಜನಕವನ್ನು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ನೆರವಿದ್ದರೆ, ನಾವೂ ಅಳೆಯಬಹುದು.

ಉಪಕರಣಕ್ಕಿಂತ ಮೊದಲು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಎರಡನೇ ಹಂತದ ಸಂಸ್ಕರಣೆಯಲ್ಲಿ ಕೊಳೆಯುವ ವಸ್ತು ಬಹುಮಟ್ಟಿಗೆ ಹೋದರೂ ಸಾರಜನಕ, ರಂಜಕಗಳು ಪೂರ್ತಿಯಾಗಿ ಹೋಗುವುದಿಲ್ಲ. ಊರ ಚರಂಡಿಯೂ ಹೊಲದ ಗೊಬ್ಬರವೂ ಅವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಅದನ್ನುಂಡು ಬೆಳೆದ ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಟ್ಟು, ರಾತ್ರಿಯಿಡೀ ಅದನ್ನೇ ಉಸಿರಾಡಿ ಖರ್ಚು ಮಾಡುತ್ತದೆ. ಆದ್ದರಿಂದ ಮಧ್ಯಾಹ್ನ ಲೀಟರಿಗೆ 10 ಮಿ.ಗ್ರಾಂ ಮೀರಿ ತೋರಿಸುವ ಹಸಿರು ಕೆರೆಯೇ ಬೆಳಗಿನ ಜಾವಕ್ಕೆ 2ಕ್ಕೆ ಇಳಿದಿರಬಹುದು. ಮೀನುಗಳು ಉಸಿರು ಸಿಗದೆ ಮೇಲೆ ಬಂದು ಬಾಯಿ ಬಿಡುವುದು ಆ ಹೊತ್ತಿನಲ್ಲಿ. ಕಚೇರಿ ವೇಳೆಯಲ್ಲಿ ತೆಗೆದ ಒಂದೇ ಮಾದರಿಯಿಂದ ಕೆರೆ ಚೆನ್ನಾಗಿದೆ ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಸೂರ್ಯೋದಯಕ್ಕೆ ಮುನ್ನ ಒಮ್ಮೆ, ಅದೇ ದಿನ ಮಧ್ಯಾಹ್ನ ಮತ್ತೊಮ್ಮೆ ಅಳೆಯಿರಿ.

ಕಾಲುವೆ ಕೆರೆಗೆ ಸೇರುವಲ್ಲಿ, ತೂಬಿನ ಬಳಿ ಕೆರೆ ಆಳವಿರುವ ಕಡೆ, ಕೋಡಿಯ ಹತ್ತಿರ, ಹೀಗೆ ಮೂರು ಕಡೆ ಸಾಕು. ಆದರೆ ಪ್ರತಿ ಸಲವೂ ಅದೇ ಜಾಗಗಳಾಗಿರಲಿ. ಕೆರೆ ನೀರು ಬಿಡುವ ಹೊಣೆ ಹೊತ್ತ ನೀರುಗಂಟಿ ಇರುವ ಊರಿನಲ್ಲಿ ಅವರನ್ನು ಕೇಳಿಯೇ ಜಾಗ ಆರಿಸಿ, ಏಕೆಂದರೆ ಆಳ ಎಲ್ಲಿದೆ, ಹೂಳು ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಹಂಗೇರಿಯ ರಸಾಯನಶಾಸ್ತ್ರಜ್ಞ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ನಂಬಿಕೆಗೆ ಅರ್ಹವಾಗಿದೆ. 300 ಮಿ.ಲೀ. ಗಾಜಿನ ಬಾಟಲಿಯನ್ನು ಮೇಲ್ಮೈಯ ಕೆನೆಗಟ್ಟಿದ ಪಾಚಿಯನ್ನು ತಪ್ಪಿಸಿ, ಸುಮಾರು ಒಂದಡಿ ಆಳದಲ್ಲಿ ಓರೆಯಾಗಿ ಹಿಡಿದು ನಿಧಾನವಾಗಿ ತುಂಬಿಸಿ, ನೀರಿನೊಳಗೇ ಮುಚ್ಚಳ ಹಾಕಿ. ಒಂದು ಗುಳ್ಳೆ ಉಳಿದರೂ ಆ ಮಾದರಿಯನ್ನು ಚೆಲ್ಲಿ ಮತ್ತೆ ತುಂಬಿಸಿ. ದಡದಲ್ಲಿಯೇ, ಪಿಪೆಟ್ಟಿನ ತುದಿ ನೀರಿನೊಳಗಿರುವಂತೆ, 1 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, ಬಳಿಕ 1 ಮಿ.ಲೀ. ಅಜೈಡ್ ಬೆರೆತ ಕ್ಷಾರೀಯ ಅಯೋಡೈಡ್ ಸೇರಿಸಿ, ಮುಚ್ಚಿ, ಹಲವು ಸಲ ತಲೆಕೆಳಗು ಮಾಡಿ. ಸಂಸ್ಕರಿತ ನೀರಿನಲ್ಲಿ ನೈಟ್ರೈಟ್ ಇರುವ ಸಂಭವ ಹೆಚ್ಚು. ಅಜೈಡ್ ಇಲ್ಲದಿದ್ದರೆ ಅದು ಲೆಕ್ಕವನ್ನು ಏರಿಸುತ್ತದೆ. ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಇಳಿಯುತ್ತದೆ. ಗಸಿ ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇಲ್ಲವೇ ಇಲ್ಲ ಎಂದರ್ಥ. ಬಾಟಲಿಯನ್ನು ಕತ್ತಲಲ್ಲಿ, ತಂಪಾಗಿ ಇಟ್ಟು ಕೆಲವು ಗಂಟೆಗಳೊಳಗೆ ಪ್ರಯೋಗಾಲಯಕ್ಕೆ ಒಯ್ಯಿರಿ.

ಮುಂದಿನದು ಅಧ್ಯಾಪಕರ ಸಮ್ಮುಖದಲ್ಲಿ, ಕೈಗವಸು ಮತ್ತು ರಕ್ಷಣಾ ಕನ್ನಡಕದೊಂದಿಗೆ ನಡೆಯಬೇಕಾದ ಕೆಲಸ. 1 ಮಿ.ಲೀ. ಸಾಂದ್ರ ಗಂಧಕಾಮ್ಲ ಹಾಕಿದಾಗ ಗಸಿ ಕರಗಿ ಅಯೋಡಿನ್ನಿನ ಹಳದಿ ಬರುತ್ತದೆ. ಅದರಲ್ಲಿ 201 ಮಿ.ಲೀ. ಅಳೆದು, 0.025 ನಾರ್ಮಲ್ ಸಾಂದ್ರತೆಯ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಬಣ್ಣ ಒಣಹುಲ್ಲಿನಷ್ಟು ತೆಳುವಾದಾಗ ಪಿಷ್ಟದ ದ್ರಾವಣ ಸೇರಿಸಿ, ಮೂಡಿದ ನೀಲಿ ಮೊದಲ ಸಲ ಮಾಯವಾಗುವಲ್ಲಿ ನಿಲ್ಲಿಸಿ. ಖರ್ಚಾದ ಪ್ರತಿ ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ ಎಂದು ಲೆಕ್ಕ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ ಮೀನುಗಾರಿಕೆಗೆ ಕನಿಷ್ಠ 4, ಸ್ನಾನಕ್ಕೆ ಕನಿಷ್ಠ 5 ಮಿ.ಗ್ರಾಂ ಇರಬೇಕು. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ, 25 ಡಿಗ್ರಿ ತಾಪದ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಸುಮಾರು 7.5 ಮಿ.ಗ್ರಾಂ, ಮಧ್ಯಾಹ್ನದ ಅಳತೆ ಇದನ್ನು ಬಹಳ ಮೀರಿದರೆ ಅದು ಪಾಚಿಯ ಅತಿಬೆಳವಣಿಗೆಯ ಗುರುತು. ದಡದ ಕೆಸರನ್ನೂ ಒಂದು ಹಿಡಿ ಜರಡಿಯಲ್ಲಿ ತೊಳೆದು ನೋಡಿ: ಬೇರೆ ಹುಳುಗಳಿಲ್ಲದೆ ಕೆಂಪು ಮರಿಹುಳುಗಳೇ ತುಂಬಿದ್ದರೆ ತಳದಲ್ಲಿ ಆಮ್ಲಜನಕ ಕಡಿಮೆ ಎಂದು ಶಂಕಿಸಬಹುದು, ಏಕೆಂದರೆ ಅವುಗಳ ದೇಹದಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಇದ್ದು, ಆಮ್ಲಜನಕ ಕಡಿಮೆ ಇರುವಲ್ಲೂ ಅವು ಬದುಕಬಲ್ಲವು.

ಪ್ರತಿ ಅಳತೆಯ ಜೊತೆಗೆ ನೀರಿನ ತಾಪ, ಮೋಡ ಕವಿದಿತ್ತೇ, ಕಾಲುವೆಯಲ್ಲಿ ನೀರು ಹರಿಯುತ್ತಿತ್ತೇ ಎಂಬುದನ್ನೂ ಬರೆದಿಡಿ. ರೋಗಾಣು, ಭಾರಲೋಹ, ಫ್ಲೋರೈಡುಗಳ ಬಗ್ಗೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಅವಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಬೇರೆ ಮಾದರಿಗಳನ್ನೇ ಕಳುಹಿಸಬೇಕು.