ಕೊಡಗಿನಲ್ಲಿ ನೆಟ್ ಹಿಡಿಯುವುದು: ನನ್ನ ಅನುಭವ

ಕೊಡಗಿನಲ್ಲಿ ಉಳಿಯಲು ಮನೆ ಗೊತ್ತು ಮಾಡುವಾಗ "ವೈಫೈ ಇದೆಯಾ?" ಅಂತ ಕೇಳುವುದನ್ನು ನಾನು ಬಿಟ್ಟಿದ್ದೇನೆ. ಇದೆ ಅಂತಲೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ನಾನು ಕೇಳುವುದು ಬೇರೆ: "ಆಂಟಿ, ಕರೆಂಟ್ ಹೋದ ಮೇಲೆ ವೈಫೈ ಎಷ್ಟು ಹೊತ್ತು ಇರುತ್ತೆ?" "ರೂಟರಿಗೆ ಯುಪಿಎಸ್ ಉಂಟು, ಆದ್ರೆ ಜೋರು ಗಾಳಿ ಬಂದ್ರೆ ಕೇಬಲೇ ಹೋಗ್ತದೆ" ಅಂದರೆ ಆ ಮನೆಯವರು ದಿನಾ ನೆಟ್ ಬಳಸುವವರು, ಅವರ ಮಾತು ನಂಬಬಹುದು. "ನಮ್ಮಲ್ಲಿ ಕರೆಂಟ್ ಹೋಗೋದೇ ಇಲ್ಲ" ಅಂದರೆ ನಾನು ಬೇರೆ ಮನೆ ನೋಡುತ್ತೇನೆ.

ನನ್ನ ಕೆಲಸ ಸಣ್ಣ ವ್ಯಾಪಾರದವರ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು. ಮನೆ ಮೈಸೂರಿನಲ್ಲಿ, ಗಿರಾಕಿಗಳು ಗೋಣಿಕೊಪ್ಪ, ನಾಪೋಕ್ಲು, ಸಿದ್ದಾಪುರ, ಕುಟ್ಟದ ಕಡೆ. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ 11ನೇ ತಾರೀಕಿಗೆ ಒಂದು, 20ಕ್ಕೆ ಇನ್ನೊಂದು ಗಡುವು. ತಡವಾದರೆ ದಂಡ. ಮಳೆ ಬಂತು, ನೆಟ್ ಇರಲಿಲ್ಲ ಅಂದರೆ ಕೇಳುವವರು ಯಾರೂ ಇಲ್ಲ.

ಇಲ್ಲಿ ಓಡಾಡಿ ನನಗೆ ಗಟ್ಟಿಯಾಗಿದ್ದು ಒಂದೇ ವಿಷಯ. ಎರಡು ಕನೆಕ್ಷನ್ ಇದ್ದರೆ ಸಾಲದು, ಒಂದು ಬಿದ್ದಾಗ ಇನ್ನೊಂದೂ ಜೊತೆಗೇ ಬೀಳಬಾರದು. ತೋಟದ ಮನೆಗಳಿಗೆ ಫೈಬರ್ ಕೇಬಲ್ ಬರುವುದು ಹೆಚ್ಚಾಗಿ ಕರೆಂಟ್ ಕಂಬದ ಮೇಲೆಯೇ. ಆಷಾಢದ ಗಾಳಿಗೆ ಒಂದು ಸಿಲ್ವರ್ ಓಕ್ ಮರ ಅಡ್ಡ ಬಿದ್ದರೆ ತಂತಿಯೂ ಹೋಯಿತು, ಕೇಬಲೂ ಹೋಯಿತು. ಮೊಬೈಲ್ ಟವರ್ ಬ್ಯಾಟರಿಯಲ್ಲಿ ಇನ್ನಷ್ಟು ಹೊತ್ತು ನಡೆಯುತ್ತದೆ. ಆಮೇಲೆ ಅದರ ಜನರೇಟರಿಗೆ ಡೀಸೆಲ್ ಹಾಕುವವರು ಬರದಿದ್ದರೆ ಅದೂ ನಿಲ್ಲುತ್ತದೆ. ಅದಕ್ಕೇ ಫೋನ್‌ನಲ್ಲಿ ಎರಡು ಬೇರೆ ಕಂಪನಿಗಳ ಸಿಮ್ ಇಟ್ಟುಕೊಂಡಿದ್ದೇನೆ. ಅವೆರಡೂ ಬೇರೆ ಬೇರೆ ಟವರಿನಿಂದ ಬರುತ್ತಿವೆಯಾ ಅಂತ ಆಯಾ ಊರಿನವರನ್ನೇ ಕೇಳುತ್ತೇನೆ. ಎಷ್ಟೋ ಕಡೆ ಎರಡು ಮೂರು ಕಂಪನಿಗಳು ಒಂದೇ ಟವರ್ ಹಂಚಿಕೊಂಡಿರುತ್ತವೆ. ಆಗ ಎರಡು ಸಿಮ್ ಇದ್ದೂ ಒಂದೇ ಲೆಕ್ಕ.

ಸಿಗ್ನಲ್ ವಿಷಯಕ್ಕೆ ಬಂದರೆ ಗುಡ್ಡ ಒಂದು ತೊಂದರೆ, ಮರ ಇನ್ನೊಂದು. ಇಲ್ಲಿ ಕಾಫಿ ಬೆಳೆಯುವುದೇ ಮರದ ನೆರಳಿನಲ್ಲಿ. ಒದ್ದೆ ಎಲೆ ಸಿಗ್ನಲನ್ನು ಹೀರುತ್ತದೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್‌ಗಳು (ಸಿಗ್ನಲ್ ಬರುವ ಆವರ್ತನಗಳು) ಹೇಗೋ ನುಸುಳಿ ಬರುತ್ತವೆ, 2300 ಅಥವಾ 5ಜಿಯ 3500 ಅಷ್ಟು ಸುಲಭಕ್ಕೆ ಬರುವುದಿಲ್ಲ. ತೋಟದೊಳಗೆ ಹೋದರೆ ನಾನು ಫೋನನ್ನು 4ಜಿಗೆ ಕಟ್ಟಿಹಾಕುತ್ತೇನೆ. ಇಲ್ಲದಿದ್ದರೆ ಅದು ಸಿಗದ 5ಜಿಯನ್ನು ಹುಡುಕಿ ಹುಡುಕಿ ಬ್ಯಾಟರಿ ತಿನ್ನುತ್ತದೆ.

ಫೋನಿನ ಮೇಲಿರುವ ಕಡ್ಡಿಗಳನ್ನು ನಾನು ನೋಡುವುದೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದರೆ ಸಿಗ್ನಲ್ ಎಷ್ಟಿದೆ ಅಂತ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಮೈನಸ್ ಅಂಕಿ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 90ರ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 115 ದಾಟಿದರೆ ಲ್ಯಾಪ್‌ಟಾಪ್ ಬಿಚ್ಚುವುದೇ ದಂಡ. ನಾಪೋಕ್ಲು ಹತ್ತಿರದ ಒಂದು ಮನೆಯಲ್ಲಿ ಹಜಾರದೊಳಗೆ ಮೈನಸ್ 114 ತೋರಿಸುತ್ತಿತ್ತು. ಫೋನ್ ಹಿಡಿದುಕೊಂಡು ಹೊರಗೆ ಬಂದೆ. ಕಾಫಿ ಒಣಗಿಸುವ ಕಣದ ಮಧ್ಯೆ 108, ಕಣದ ಆಚೆ ನೀರಿನ ಟ್ಯಾಂಕಿನ ಪಕ್ಕ 99. ಹತ್ತು ಅಂಕಿ ವ್ಯತ್ಯಾಸ ಅಂದರೆ ಶಕ್ತಿಯಲ್ಲಿ ಹತ್ತು ಪಟ್ಟು! ಹಳೇ ಫೋನನ್ನು ಟ್ಯಾಂಕಿನ ಕಟ್ಟೆ ಮೇಲೆ ಪವರ್ ಬ್ಯಾಂಕ್ ಸಮೇತ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಕವುಚಿ, ಹಾಟ್‌ಸ್ಪಾಟ್ ಹಾಕಿ, ನಾನು ಜಗಲಿಯಲ್ಲಿ ಕೂತು ಕೆಲಸ ಮಾಡಿದೆ. "ಇದೊಂದು ಹೊಸ ಪೂಜೆ" ಅಂತ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ನಗಾಡಿದರು.

ಕೆಲವು ಮನೆಗಳಲ್ಲಿ ಗೋಡೆಗೆ ಮೊಬೈಲ್ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಿರುತ್ತಾರೆ. ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅನುಮತಿ ಇಲ್ಲದೆ ಹಾಕುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಸುತ್ತಲಿನವರ ಸಿಗ್ನಲನ್ನೂ ಅದು ಕೆಡಿಸುತ್ತದೆ. ಹೊರಗಡೆ ಆಂಟೆನಾ ಜೋಡಿಸುವ 4ಜಿ ರೂಟರ್ ಬೇರೆ ವಿಷಯ, ಅದಕ್ಕೆ ತಕರಾರಿಲ್ಲ. ವರ್ಷವಿಡೀ ತೋಟದಲ್ಲೇ ಇರುವವರಿಗೆ ನಾನು ಹೇಳುವುದು ಅದನ್ನೇ.

ನನ್ನ ಕೆಲಸದಲ್ಲಿ ನೆಟ್‌ಗಿಂತ ಜಾಸ್ತಿ ಸತಾಯಿಸುವುದು ಒಟಿಪಿ. ರಿಟರ್ನ್ ಸಲ್ಲಿಸುವಾಗ ಒಟಿಪಿ ಬರುವುದು ನನಗಲ್ಲ, ಯಜಮಾನರ ಫೋನಿಗೆ. ಯಜಮಾನರು ತೋಟದ ಕೆಳಗೆ ಮೆಣಸು ಕುಯ್ಯಿಸುತ್ತಾ ನಿಂತಿರುತ್ತಾರೆ, ಅಲ್ಲಿ ಒಂದು ಕಡ್ಡಿಯೂ ಇಲ್ಲ. ಈಗ ನಾನು ಹೋದ ಕೂಡಲೇ ಅವರ ಫೋನನ್ನು ಮನೆಯಲ್ಲೇ ಇಡಿಸಿ, ಅದರಲ್ಲಿ ವೈಫೈ ಕಾಲಿಂಗ್ ಆನ್ ಮಾಡುತ್ತೇನೆ. ಹಾಗೆ ಮಾಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೇಲೆ ಕರೆ ಬರುತ್ತದೆ, ಮೆಸೇಜೂ ಬರುತ್ತದೆ. ಆ ಒಟಿಪಿ ಜಿಎಸ್‌ಟಿಯಲ್ಲಿ ನೋಂದಾಯಿಸಿದ ಈಮೇಲ್‌ಗೂ ಹೋಗುತ್ತದೆ. ಆದರೆ ಆ ಈಮೇಲ್ ಹತ್ತರಲ್ಲಿ ಐದು ಮನೆಯಲ್ಲಿ ಹಿಂದಿನ ಲೆಕ್ಕದವರದ್ದೇ ಇರುತ್ತೆ, ಪಾಸ್‌ವರ್ಡ್ ದೇವರಿಗೇ ಗೊತ್ತು. ಮೊದಲು ಅದನ್ನು ಬದಲಾಯಿಸಿಕೊಳ್ಳಿ.

ಇನ್ನು, ನೆಟ್ ಬೇಕಾಗುವ ಹೊತ್ತನ್ನೇ ಕಡಿಮೆ ಮಾಡಿಕೊಂಡೆ. 11ರ ರಿಟರ್ನ್‌ಗೆ ಜಿಎಸ್‌ಟಿಯವರದ್ದೇ ಆಫ್‌ಲೈನ್ ಟೂಲ್ ಇದೆ. ಬಿಲ್ಲುಗಳನ್ನೆಲ್ಲ ನೆಟ್ ಇಲ್ಲದೆ ತುಂಬಿಸಿ, ಒಂದು ಪುಟ್ಟ ಫೈಲ್ ಮಾಡಿಕೊಂಡು, ಸಿಗ್ನಲ್ ಸಿಕ್ಕಾಗ ಅಪ್‌ಲೋಡ್ ಮಾಡಿದರೆ ಆಯಿತು. ಗಿರಾಕಿಯ ಜೊತೆ ಮಾತಾಡಲು ವಿಡಿಯೋ ಕಾಲ್ ಬೇಡವೇ ಬೇಡ. ಬರೀ ಧ್ವನಿಗೆ ಸೆಕೆಂಡಿಗೆ 100 ಕಿಲೋಬಿಟ್ ಕೂಡ ಬೇಕಾಗುವುದಿಲ್ಲ.

ಹೊತ್ತು ನೋಡುವುದೂ ಮುಖ್ಯ. ಶನಿವಾರ, ಭಾನುವಾರ ಮಡಿಕೇರಿಯಲ್ಲಿ ಪ್ರವಾಸಿಗರು ತುಂಬಿರುತ್ತಾರೆ. ಸಿಗ್ನಲ್ ಪೂರ್ತಿ ಇದ್ದರೂ ಒಂದು ಪುಟ ತೆರೆಯುವುದಿಲ್ಲ. ಅದು ದೂರದ ತೊಂದರೆ ಅಲ್ಲ, ಟವರ್ ಮೇಲಿನ ನೂಕುನುಗ್ಗಲು. ಬೆಳಗಿನ ಜಾವ ಅದೇ ಜಾಗದಲ್ಲಿ ನೆಟ್ ಓಡುತ್ತದೆ. ಹಾಗಂತ ಸಿದ್ದಾಪುರ, ಪಾಲಿಬೆಟ್ಟದ ತೋಟಗಳಲ್ಲಿ ಕತ್ತಲೆಯಲ್ಲಿ ಫೋನ್ ಹಿಡಿದುಕೊಂಡು ಸಿಗ್ನಲ್ ಹುಡುಕಿ ಹೊರಗೆ ಹೋಗಬೇಡಿ. ಅಲ್ಲಿ ಆನೆ ಇದೆ. ಸುಮ್ನೆ ಹೆದರಿಸುತ್ತಿಲ್ಲ, ಮನೆಯವರು ಬೇಡ ಅಂದರೆ ಬೇಡ.

ಕುಟ್ಟದ ಕಡೆ ಹೋದರೆ ಫೋನ್ ಕೇರಳದ ಟವರಿಗೆ ಅಂಟಿಕೊಳ್ಳುತ್ತದೆ. ರೋಮಿಂಗ್‌ಗೆ ಬೇರೆ ದುಡ್ಡೇನೂ ಇಲ್ಲ, ಎಷ್ಟೋ ಸಲ ಅದೇ ಚೆನ್ನಾಗಿರುತ್ತದೆ. ಎರಡರ ನಡುವೆ ಜೋಕಾಲಿ ಆಡುತ್ತಿದ್ದರೆ ಮಾತ್ರ ನೆಟ್‌ವರ್ಕನ್ನು ಕೈಯಾರೆ ಆರಿಸಿಕೊಳ್ಳುತ್ತೇನೆ. ವಿರಾಜಪೇಟೆಯಿಂದ ಮಾಕುಟ್ಟದ ಕಾಡು ದಾರಿ ಹಿಡಿದರೆ ಆಸೆಯನ್ನೇ ಬಿಡಿ. ಮ್ಯಾಪ್ ಮೊದಲೇ ಇಳಿಸಿಕೊಂಡಿರಿ.

ಮಳೆ ಜೋರಿರುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಭಾಗಮಂಡಲದ ಕಡೆ ಕೆಲಸ ಬಿದ್ದರೆ ನಾನು ಅಲ್ಲಿ ಉಳಿಯುವುದೇ ಇಲ್ಲ. ಬೆಳಗ್ಗೆ ಹೋಗಿ ಬಿಲ್ಲುಗಳ ಫೋಟೋ ತೆಗೆದುಕೊಂಡು, ಯಜಮಾನರು ಸಂಜೆ ಫೋನ್ ಸಿಗುವ ಜಾಗದಲ್ಲಿ ಇರುವಂತೆ ಹೇಳಿ, ಕತ್ತಲಾಗುವ ಮೊದಲು ಮಡಿಕೇರಿಗೆ ಬಂದು ಅಲ್ಲಿಂದಲೇ ರಿಟರ್ನ್ ಹಾಕುತ್ತೇನೆ.