ಅಮ್ಮ ಹುಲಿ, ಮಗಳು ಹಾವು: ಚೀನೀ ಪಂಚಾಂಗದಲ್ಲಿ ಮದುವೆ ದಿನ ನೋಡುವ ಬಗೆ

ಹಾಂಗ್‌ಕಾಂಗ್‌ನ ಹಳೇ ಮನೆಗಳಲ್ಲಿ ಗೋಡೆಯ ಮೊಳೆಗೆ ಒಂದು ದಪ್ಪ ಪುಸ್ತಕ ನೇತಾಡುತ್ತಿರುತ್ತದೆ. ಕೆಂಪು ರಟ್ಟು, ಮೂಲೆಯಲ್ಲಿ ಕೆಂಪು ದಾರದ ಕುಣಿಕೆ. ಹೆಸರು ‘ಟುಂಗ್ ಶಿಂಗ್’. ಮೊದಲು ಈ ಹೆಸರಿನ ಕೊನೆಗೆ ‘ಸ್ಯೂ’ ಅಂತಿತ್ತು, ಅಂದರೆ ಪುಸ್ತಕ. ಆದರೆ ಕ್ಯಾಂಟನೀಸ್ ಭಾಷೆಯಲ್ಲಿ ಸೋಲು ಎಂಬ ಮಾತೂ ಹಾಗೇ ಕೇಳಿಸುತ್ತದೆ. ಸೋಲನ್ನು ತಂದು ಮನೆಯಲ್ಲಿ ಯಾಕೆ ತೂಗುಹಾಕಬೇಕು ಎಂದು ಅದನ್ನು ತೆಗೆದು, ಗೆಲುವು ಎಂಬರ್ಥದ ‘ಶಿಂಗ್’ ಸೇರಿಸಿದರು. ನಮ್ಮ ಮನೆಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದ್ದ ಹಾಗೆ ಅಲ್ಲಿ ಇದು.

ಮದುವೆ ದಿನ ಹುಡುಕುವವರು ಇದರಲ್ಲಿ ಮೂರು ಪದ ಗುರುತು ಹಿಡಿದರೆ ಅರ್ಧ ಕೆಲಸ ಆಯಿತು. ಪ್ರತಿ ದಿನದ ಕೆಳಗೆ ‘ಯಿ’ ಮತ್ತು ‘ಜಿ’ ಎಂದು ಎರಡು ಸಾಲು ಇರುತ್ತವೆ. ‘ಯಿ’ ಅಂದರೆ ಮಾಡಬಹುದಾದ್ದು. ಆ ಅಕ್ಷರದ ತಲೆಯ ಮೇಲೆ ಮನೆಯ ಸೂರಿನಂಥ ಗೆರೆ ಇದೆ. ‘ಜಿ’ ಅಂದರೆ ಮಾಡಬಾರದ್ದು. ಅದರ ಬುಡದಲ್ಲಿ ಹೃದಯ ಎಂಬ ಗುರುತಿದೆ. ಇನ್ನು ಮದುವೆಗೆ ‘ಜ್ಯಾ ಚ್ಯೂ’ ಎಂಬ ಜೋಡಿ ಅಕ್ಷರ. ಅದರಲ್ಲಿ ಮೊದಲನೆಯದನ್ನು ಹತ್ತಿರದಿಂದ ನೋಡಿ, ಎಡಕ್ಕೆ ಹೆಣ್ಣು, ಬಲಕ್ಕೆ ಮನೆ. ಹೆಣ್ಣು ಮನೆ ಸೇರುವುದನ್ನು ಒಂದೇ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ.

‘ಯಿ’ ಸಾಲಿನಲ್ಲಿ ‘ಜ್ಯಾ ಚ್ಯೂ’ ಕಂಡ ತಕ್ಷಣ ದಿನ ಸಿಕ್ಕಿತು ಅಂದುಕೊಳ್ಳಬೇಡಿ. ಪುಸ್ತಕ ಹೇಳುವುದು ಊರಿಗೆಲ್ಲ ಒಂದೇ ಮಾತು. ನಿಮ್ಮ ಮನೆಯವರಿಗೆ ಆ ದಿನ ಹೊಂದುತ್ತದಾ ಎಂಬುದು ಬೇರೆಯೇ ಲೆಕ್ಕ. ಅದಕ್ಕೇ ನಾನು ಹೇಳುವುದು, ದಿನದಿಂದ ಶುರು ಮಾಡಬೇಡಿ, ಜನರಿಂದ ಶುರು ಮಾಡಿ.

ಮೊದಲು ಜನರ ಪಟ್ಟಿ

ಒಂದು ಹಾಳೆಯಲ್ಲಿ ಹುಡುಗ, ಹುಡುಗಿ, ಇಬ್ಬರ ಅಪ್ಪ ಅಮ್ಮ, ಹೀಗೆ ಆರು ಜನರ ಹುಟ್ಟಿದ ದಿನ ಬರೆಯಿರಿ. ಪಕ್ಕದಲ್ಲಿ ಅವರವರ ವರ್ಷದ ಪ್ರಾಣಿ ಬರೆಯಿರಿ. ಹನ್ನೆರಡು ಪ್ರಾಣಿಗಳ ಸರದಿ ಹೀಗೆ: ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಮೇಕೆ, ಕೋತಿ, ಹುಂಜ, ನಾಯಿ, ಹಂದಿ.

ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ವರ್ಷ ಜನವರಿ 1ಕ್ಕೆ ಬದಲಾಗುವುದಿಲ್ಲ, ಚೀನೀ ಹೊಸ ವರ್ಷಕ್ಕೆ ಬದಲಾಗುತ್ತದೆ. 2000ದಲ್ಲಿ ಡ್ರ್ಯಾಗನ್ ವರ್ಷ ಶುರುವಾದದ್ದು ಫೆಬ್ರವರಿ 5ಕ್ಕೆ. ಆ ಜನವರಿಯಲ್ಲಿ ಹುಟ್ಟಿದವರು ಮೊಲ. ಹುಟ್ಟಿದ ಗಳಿಗೆಯ ‘ಬಾಜಿ’ ಜಾತಕ ಬರೆಯುವವರಾದರೆ ವರ್ಷದ ಗಡಿಯನ್ನು ‘ಲಿಚುನ್’ಗೆ ಇಡುತ್ತಾರೆ. ಅದು ವಸಂತ ಕಾಲಿಡುವ ದಿನ, ಫೆಬ್ರವರಿ 4ರ ಆಸುಪಾಸು ಬರುತ್ತದೆ.

ಈಗ ಹಗೆ ಜೋಡಿಗಳು. ಇಲಿಗೆ ಕುದುರೆ, ಎತ್ತಿಗೆ ಮೇಕೆ, ಹುಲಿಗೆ ಕೋತಿ, ಮೊಲಕ್ಕೆ ಹುಂಜ, ಡ್ರ್ಯಾಗನ್‌ಗೆ ನಾಯಿ, ಹಾವಿಗೆ ಹಂದಿ. ಪ್ರತಿ ದಿನಕ್ಕೂ ಒಂದು ಪ್ರಾಣಿ ಇರುತ್ತದೆ. ನಿಮ್ಮ ಹಗೆ ಪ್ರಾಣಿಯ ದಿನ ನಿಮಗೆ ಆಗಿಬರುವುದಿಲ್ಲ. ಇದಕ್ಕೆ ‘ಛುಂಗ್’, ಅಂದರೆ ಢಿಕ್ಕಿ ಎನ್ನುತ್ತಾರೆ.

ಆಮೇಲೆ ವರ್ಷ, ತಿಂಗಳು

ವರ್ಷದ ವಿಷಯ ಬೇಗ ಮುಗಿಯುತ್ತದೆ. ಚಾಂದ್ರಮಾನ ವರ್ಷದೊಳಗೆ ಲಿಚುನ್ ಬರದಿದ್ದರೆ ಅದನ್ನು ‘ವಿಧವೆ ವರ್ಷ’ ಎಂದು ಕರೆದು ಮದುವೆ ಮುಂದೂಡುವವರಿದ್ದಾರೆ. 2024ರ ಫೆಬ್ರವರಿ 10ಕ್ಕೆ ಶುರುವಾದ ಡ್ರ್ಯಾಗನ್ ವರ್ಷ ಅಂಥದ್ದು. ಈ ಮಾತಿಗೆ ವಿಜ್ಞಾನದ ಆಧಾರ ಇಲ್ಲ ಎಂದು ಚೀನಾದ ನಾಗರಿಕ ವ್ಯವಹಾರ ಸಚಿವಾಲಯವೇ ಹೇಳಿತ್ತು. 2023ರಲ್ಲಿ ಸುಮಾರು 76.8 ಲಕ್ಷ ಇದ್ದ ಮದುವೆ ನೋಂದಣಿ 2024ರಲ್ಲಿ 61 ಲಕ್ಷಕ್ಕೆ ಇಳಿಯಿತು. ಖರ್ಚು, ಕೆಲಸ, ಯುವಜನರ ಸಂಖ್ಯೆ, ಹೀಗೆ ಅದಕ್ಕೆ ಕಾರಣ ಹಲವು. ಮರುವರ್ಷದ ಹಾವು ವರ್ಷದಲ್ಲಿ ಅಧಿಕ ಮಾಸ ಸೇರಿ 384 ದಿನ, ಎರಡೆರಡು ಲಿಚುನ್. ಅದನ್ನು ಮದುವೆಗೆ ಬಲು ಒಳ್ಳೆಯದು ಎಂದರು. ಹೆಸರಿಗೆ ಹೆದರಿ ಒಂದು ವರ್ಷ ಕಾಯುವುದು ಬೇಡ ಎಂದೇ ನನ್ನ ಅನಿಸಿಕೆ. ಲಿಚುನ್ ಇಲ್ಲದ ವರ್ಷ ಬರುವುದು ಬರೀ ಕ್ಯಾಲೆಂಡರಿನ ಲೆಕ್ಕದಿಂದ.

ತಿಂಗಳು ಲೆಕ್ಕ ಹಾಕುವುದು ಕನ್ನಡಿಗರಿಗೆ ಸುಲಭ. ನಮ್ಮಂತೆಯೇ ಅವರ ತಿಂಗಳೂ ಅಮಾವಾಸ್ಯೆಯನ್ನೇ ಹಿಡಿದು ಶುರುವಾಗುತ್ತದೆ. ನಮಗೆ ಆಷಾಢ ಇದ್ದ ಹಾಗೆ ಅವರಿಗೆ ಏಳನೇ ತಿಂಗಳು. ಅದು ಸತ್ತವರು ಭೂಮಿಗೆ ಬರುವ ತಿಂಗಳು ಎಂಬ ನಂಬಿಕೆ, ಹಾಗಾಗಿ ಮದುವೆ ಬೇಡ ಎನ್ನುತ್ತಾರೆ. ಏಪ್ರಿಲ್ 4 ಅಥವಾ 5ಕ್ಕೆ ಬರುವ ಚಿಂಗ್‌ಮಿಂಗ್ ಹಿರಿಯರ ಸಮಾಧಿ ಗುಡಿಸುವ ದಿನ. ಅದನ್ನೂ ಬಿಡುತ್ತಾರೆ.

ಇದಲ್ಲದೆ ಮದುಮಗಳ ಪ್ರಾಣಿಗೆ ತಕ್ಕಂತೆ ತಿಂಗಳು ಹೇಳುವ ಒಂದು ಹಳೇ ಪದ್ಯ ಇದೆ. ಅದರ ತಿರುಳು ಇಷ್ಟು: ಹುಂಜ, ಮೊಲಕ್ಕೆ 1 ಮತ್ತು 7ನೇ ತಿಂಗಳು. ಹುಲಿ, ಕೋತಿಗೆ 2 ಮತ್ತು 8. ಹಾವು, ಹಂದಿಗೆ 3 ಮತ್ತು 9. ಡ್ರ್ಯಾಗನ್, ನಾಯಿಗೆ 4 ಮತ್ತು 10. ಎತ್ತು, ಮೇಕೆಗೆ 5 ಮತ್ತು 11. ಇಲಿ, ಕುದುರೆಗೆ 6 ಮತ್ತು 12. ಉಳಿದ ತಿಂಗಳುಗಳು ಅತ್ತೆ ಮಾವನಿಗೆ, ತವರಿನವರಿಗೆ, ಗಂಡನಿಗೆ ಅಥವಾ ಮದುಮಗಳಿಗೇ ಭಾರ ಎಂದು ಹೆಸರಿಸಿದ್ದಾರೆ. ಮದುವೆ ದಲ್ಲಾಳಿಗೆ ಮಾತ್ರ ಭಾರವಾಗುವ ತಿಂಗಳನ್ನು ಎರಡನೇ ಆಯ್ಕೆಯಾಗಿ ಇಟ್ಟುಕೊಳ್ಳುತ್ತಾರೆ.

ಹುಂಜ, ಮೊಲದ ಹೆಣ್ಣುಮಕ್ಕಳಿಗೆ ಪದ್ಯ ಏಳನೇ ತಿಂಗಳು ಒಳ್ಳೆಯದು ಅನ್ನುತ್ತದೆ. ಆದರೆ ಸಂಬಂಧಿಕರು ಅದಕ್ಕೆ ಒಪ್ಪುವುದಿಲ್ಲ. ಆಗ ಪದ್ಯ ಬಿಟ್ಟು ಸಂಬಂಧಿಕರ ಮಾತು ಕೇಳುವುದೇ ಒಳ್ಳೆಯದು. ಮದುವೆಗೆ ಬರುವವರು ಅವರೇ ಅಲ್ವಾ?

ಈಗ ದಿನ

ಒಂದು ಜೋಡಿಯನ್ನು ಇಟ್ಟುಕೊಂಡು ನೋಡೋಣ. ಹುಡುಗಿ 2001ರ ಹಾವು. ಹುಡುಗ 2000ದ ಡ್ರ್ಯಾಗನ್. ಹುಡುಗಿಯ ಅಮ್ಮ 1974ರ ಹುಲಿ. ಮದುವೆ ಕುದುರೆ ವರ್ಷವಾದ 2026ರಲ್ಲಿ.

ಹಾವಿನ ಹುಡುಗಿಗೆ 3 ಅಥವಾ 9ನೇ ತಿಂಗಳು. ಒಂಬತ್ತನೆಯದು ಅಕ್ಟೋಬರ್ 10ರಿಂದ ನವೆಂಬರ್ 8ರವರೆಗೆ, ಹತ್ತಿರ ಹತ್ತಿರ ನಮ್ಮ ಆಶ್ವಯುಜ. ಅಷ್ಟು ಹೊತ್ತಿಗೆ ಹಾಂಗ್‌ಕಾಂಗ್‌ನಲ್ಲಿ ಸೆಕೆ ಇಳಿಯುತ್ತದೆ, ಚಂಡಮಾರುತದ ಭಯವೂ ಕಡಿಮೆಯಾಗುತ್ತದೆ. ಊಟಕ್ಕೆ ಜನ ಬರಬೇಕಲ್ಲ, ಹಾಗಾಗಿ ಶನಿವಾರ ಭಾನುವಾರ ಮಾತ್ರ ನೋಡೋಣ.

ಹೊಡೆದುಹಾಕುವ ಕೆಲಸ ಮೊದಲು. ಅಕ್ಟೋಬರ್ 17 ಇಲಿಯ ದಿನ. ಕುದುರೆ ವರ್ಷಕ್ಕೇ ಢಿಕ್ಕಿ, ಇದಕ್ಕೆ ‘ಸ್ವೇ ಪೋ’, ವರ್ಷವನ್ನು ಒಡೆಯುವ ದಿನ ಎನ್ನುತ್ತಾರೆ. ಅದು ಯಾರಿಗೂ ಬೇಡ. ನವೆಂಬರ್ 8 ನಾಯಿಯ ದಿನ, ಡ್ರ್ಯಾಗನ್ ಹುಡುಗನಿಗೆ ಆಗದು. ನವೆಂಬರ್ 7 ಚಳಿಗಾಲ ಕಾಲಿಡುವ ಸಂಧಿ, ಅದನ್ನೂ ಬಿಡೋಣ. ಪ್ರತಿ ಋತು ಶುರುವಾಗುವ ಹಿಂದಿನ ದಿನ, ಹಗಲು ಇರುಳು ಸಮವಾಗುವ ಹಿಂದಿನ ದಿನ, ಅತಿ ಉದ್ದ ಮತ್ತು ಅತಿ ಗಿಡ್ಡ ಹಗಲುಗಳ ಹಿಂದಿನ ದಿನ, ಹೀಗೆ ವರ್ಷಕ್ಕೆ ಎಂಟು ದಿನವನ್ನು ಎಲ್ಲರೂ ಬಿಡುತ್ತಾರೆ. ನಮ್ಮ ಪಟ್ಟಿಯ ಶನಿ ಭಾನುವಾರಗಳಲ್ಲಿ ಅಂಥದ್ದು ಯಾವುದೂ ಇಲ್ಲ.

ಉಳಿದ ದಿನಗಳಿಗೆ ‘ಹನ್ನೆರಡು ಅಧಿಕಾರಿಗಳ’ ಪರೀಕ್ಷೆ. ಹನ್ನೆರಡು ಹೆಸರುಗಳು ದಿನಕ್ಕೊಂದರಂತೆ ಸುತ್ತುತ್ತಿರುತ್ತವೆ. ಮದುವೆಗೆ ಜನ ಹುಡುಕುವುದು ‘ಛೆಂಗ್’, ಅಂದರೆ ಕೈಗೂಡುವುದು, ‘ದಿಂಗ್’, ಅಂದರೆ ನೆಲೆ ನಿಲ್ಲುವುದು. ‘ಕಾಯ್’, ಅಂದರೆ ತೆರೆಯುವುದು, ಇದೂ ನಡೆಯುತ್ತದೆ. ‘ಪೋ’, ಅಂದರೆ ಒಡೆಯುವುದು, ಬೇಡವೇ ಬೇಡ. ಅಕ್ಟೋಬರ್ 10ಕ್ಕೆ ‘ವೇಯ್’, ಅಂದರೆ ಅಪಾಯ, ಎಂಬ ಹೆಸರು ಬಂದಿದೆ. ಅದೂ ಹೋಯಿತು. ಹೀಗೆ ಸೋಸಿದರೆ ಕೈಯಲ್ಲಿ ಉಳಿಯುವುದು ಮೂರು: ಅಕ್ಟೋಬರ್ 11, ಛೆಂಗ್. 25, ಕಾಯ್. 31, ದಿಂಗ್.

25 ಕೋತಿಯ ದಿನ. ಹಾವಿಗೂ ಕೋತಿಗೂ ಸ್ನೇಹ, ಡ್ರ್ಯಾಗನ್‌ಗೂ ಕೋತಿಗೂ ಸ್ನೇಹ. ಹುಡುಗ ಹುಡುಗಿ ಇಬ್ಬರನ್ನೇ ನೋಡಿದರೆ ಇದಕ್ಕಿಂತ ಚೆಂದದ ದಿನ ಇಲ್ಲ. ಆದರೆ ಅಮ್ಮ ಹುಲಿ. ಕೋತಿಯ ದಿನ ಅವರಿಗೆ ಢಿಕ್ಕಿ. ಢಿಕ್ಕಿ ಇರುವವರು ಮುಖ್ಯ ಗಳಿಗೆಯಲ್ಲಿ ಎದುರಿಗೆ ಇರಬಾರದು, ಪಕ್ಕದ ಕೋಣೆಗೆ ಹೋಗಬೇಕು ಎನ್ನುವುದು ರೂಢಿ. ದೂರದ ಚಿಕ್ಕಪ್ಪನಾದರೆ ಐದು ನಿಮಿಷ ಆಚೆ ನಿಂತು ಬರುತ್ತಾರೆ. ಮಗಳು ಹೊಸ್ತಿಲು ದಾಟುವಾಗ ಹೆತ್ತವಳು ಬಾಗಿಲ ಹಿಂದೆ ನಿಲ್ಲಬೇಕಾ? ಪುಸ್ತಕ ಎಷ್ಟೇ ಹೊಗಳಲಿ, ನಾನಾದರೆ 25 ಬಿಟ್ಟುಬಿಡುತ್ತೇನೆ.

11 ಕುದುರೆಯ ದಿನ. ಢಿಕ್ಕಿ ಇರುವುದು ಇಲಿಯವರಿಗೆ ಮಾತ್ರ. ಮನೆಯ ಆರು ಜನರಲ್ಲಿ ಯಾರೂ ಇಲಿ ಅಲ್ಲದಿದ್ದರೆ, ಆ ದಿನದ ‘ಯಿ’ ಸಾಲಿನಲ್ಲಿ ‘ಜ್ಯಾ ಚ್ಯೂ’ ಇದ್ದರೆ, ಇದೇ ಇರಲಿ. ಆ ಭಾನುವಾರ ನಮ್ಮಲ್ಲಿ ನವರಾತ್ರಿಯ ಮೊದಲ ದಿನ. ಈ ಮದುವೆಗೆ ಕರೆ ಬಂದ ಕನ್ನಡಿಗರು ಗೊಂಬೆ ಕೂರಿಸಿಯೇ ಹೊರಡಬೇಕಾಗುತ್ತದೆ.

ದಿನ ನೋಡಿಕೊಡುವ ಗುರುಗಳ ಬಳಿ ಹೋದರೆ ಅವರು ಇಬ್ಬರ ಬಾಜಿಯನ್ನೂ ಇಟ್ಟು ಇನ್ನಷ್ಟು ಸೋಸುತ್ತಾರೆ. ಒಬ್ಬರು ಕೊಟ್ಟ ದಿನವನ್ನು ಇನ್ನೊಬ್ಬರು ಬೇಡ ಎನ್ನುವುದೂ ಉಂಟು. ಒಬ್ಬರಲ್ಲೇ ಕೇಳಿ, ಅಪ್ಪ ಅಮ್ಮಂದಿರ ವರ್ಷವನ್ನೂ ತಪ್ಪದೆ ಕೊಡಿ. ಎಂಟು ಬರುವ ತಾರೀಖೇ ಬೇಕು, ನಾಲ್ಕು ಬೇಡ ಎನ್ನುವುದೆಲ್ಲ ಕೊನೆಗೆ. ನಾಲ್ಕು ಎಂಬ ಪದ ಸಾವು ಎಂಬ ಪದದಂತೆ ಕೇಳಿಸುತ್ತದೆ, ಅಷ್ಟೇ.

ಗಳಿಗೆ, ಮತ್ತೆ ಕೆಂಪು ಹಾಳೆ

ದಿನವನ್ನು ಎರಡೆರಡು ಗಂಟೆಯ ಹನ್ನೆರಡು ಗಳಿಗೆಗಳಾಗಿ ಹಂಚಿದ್ದಾರೆ. ಅವಕ್ಕೂ ಅದೇ ಪ್ರಾಣಿಗಳು. ನಮ್ಮ ಜೋಡಿಗೆ ನಾಯಿಯ ಗಳಿಗೆ, ಅಂದರೆ ರಾತ್ರಿ 7ರಿಂದ 9, ಮತ್ತು ಹಂದಿಯ ಗಳಿಗೆ, ಅಂದರೆ 9ರಿಂದ 11, ಬೇಡ. ಔತಣದ ಊಟಕ್ಕೆ ಈ ಲೆಕ್ಕ ಇಲ್ಲ. ಹುಡುಗಿ ಮನೆ ಬಿಡುವುದು, ಗಂಡನ ಮನೆ ಹೊಗುವುದು, ಇವಕ್ಕೆ ಮಾತ್ರ. ಬೆಳಗ್ಗೆಯೇ ಮುಗಿಸಿದರೆ ತೊಂದರೆ ಇಲ್ಲ. ಗಂಟೆ ಹೊಡೆದ ಮೇಲೆ ಅರ್ಧ ಕಳೆದು ಶುರುಮಾಡುವವರೂ ಇದ್ದಾರೆ. ಆಗ ಗಡಿಯಾರದ ನಿಮಿಷದ ಮುಳ್ಳು ಮೇಲಕ್ಕೆ ಏರುತ್ತಿರುತ್ತದೆ.

ಕಾನೂನಿನ ಲೆಕ್ಕ ಮರೆಯಬೇಡಿ. ಹಾಂಗ್‌ಕಾಂಗ್‌ನಲ್ಲಿ ಮದುವೆ ನೋಟಿಸು ಕೊಟ್ಟು 15 ದಿನ ಕಳೆಯಬೇಕು, ಮೂರು ತಿಂಗಳೊಳಗೆ ಮದುವೆ ಆಗಬೇಕು. ಅಕ್ಟೋಬರ್ 11ರ ಮದುವೆಗೆ ಮೇ ತಿಂಗಳಲ್ಲೇ ನೋಟಿಸು ಕೊಟ್ಟರೆ ಅದು ಉಪಯೋಗಕ್ಕೆ ಬರುವುದಿಲ್ಲ. ಹೋಟೆಲನ್ನು ಮಾತ್ರ ಆದಷ್ಟು ಬೇಗ ಹಿಡಿಯಿರಿ. ಒಳ್ಳೆಯ ದಿನ ಎಲ್ಲರ ಪುಸ್ತಕದಲ್ಲೂ ಒಳ್ಳೆಯದೇ.

ಎಲ್ಲ ಗೊತ್ತಾದ ಮೇಲೆ ಕೆಂಪು ಹಾಳೆಯಲ್ಲಿ ಬರೆಯುತ್ತಾರೆ. ಉಡುಗೊರೆ ಕೊಂಡೊಯ್ಯುವ ದಿನ, ಮಂಚ ಹಾಕುವ ದಿನ, ಮದುವೆಯ ಹಿಂದಿನ ರಾತ್ರಿ ತಲೆ ಬಾಚುವ ಗಳಿಗೆ, ಯಾವ ಪ್ರಾಣಿಯವರು ಆಚೆ ಇರಬೇಕು ಎಂಬುದು. ತಲೆ ಬಾಚುವವರು ಗಂಡ, ಮಕ್ಕಳು, ಮೊಮ್ಮಕ್ಕಳು ಇರುವ ಹೆಂಗಸು, ನಮ್ಮ ಮುತ್ತೈದೆಯ ಹಾಗೆ. ಒಂದೊಂದು ಸಲ ಬಾಚುವಾಗಲೂ ಒಂದೊಂದು ಹಾರೈಕೆ.

ಆ ಹಾಳೆಯನ್ನು ಹುಡುಗನ ಕಡೆಯವರು ಹುಡುಗಿಯ ಮನೆಗೆ ಕೊಂಡೊಯ್ಯಬೇಕು. ಹಳೇ ಆರು ಶಾಸ್ತ್ರಗಳಲ್ಲಿ ಇದು ಐದನೆಯದು, ಹೆಸರು ‘ಚಿಂಗ್ ಚಿ’. ಅಂದರೆ ದಿನವನ್ನು ಕೇಳಿಕೊಳ್ಳುವುದು. ಹುಡುಗಿಯ ಮನೆಯವರು ಹಾಳೆಯನ್ನು ತಮ್ಮ ಟುಂಗ್ ಶಿಂಗ್ ಜೊತೆ ಇಟ್ಟು ನೋಡುತ್ತಾರೆ, ಪರೀಕ್ಷೆ, ಆಸ್ಪತ್ರೆ, ಪ್ರಯಾಣ ಏನಾದರೂ ಅಡ್ಡ ಬರುತ್ತದಾ ವಿಚಾರಿಸುತ್ತಾರೆ. ಅವರು ಹೂಂ ಅನ್ನುವ ತನಕ ಆಮಂತ್ರಣ ಅಚ್ಚಿಗೆ ಕೊಡಬೇಡಿ.